ಪಟ್ಟು, ಅಗತ್ಯ, ಗುರುತು: ಜನಾಂಗೀಯ ವಿವಾದಗಳ ಸಂಧಾನ ಕುರಿತ ಟಿಪ್ಪಣಿ

ಕಾರವಾರದಲ್ಲಿ ಓದುತ್ತಿರುವ ನಮಗೆ ಈ ಅಧ್ಯಾಯದ ಮೊದಲ ಉದಾಹರಣೆ ನಮ್ಮ ನೆಲದಲ್ಲಿಯೇ ಸಿಗುತ್ತದೆ. ಕಾರವಾರ, ಸೂಪಾ, ಹಳಿಯಾಳಗಳ ಮೇಲೂ ಹಕ್ಕು ಮಂಡಿಸಿದ್ದ ಮಹಾರಾಷ್ಟ್ರವು, ಕರ್ನಾಟಕದೊಂದಿಗಿನ ಗಡಿ ವಿವಾದವನ್ನು ಪರಿಶೀಲಿಸಲು 1966ರಲ್ಲಿ ನೇಮಕಗೊಂಡ ಮಹಾಜನ್ ಆಯೋಗದ ವರದಿಯನ್ನು ಒಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಹೊರಗಿನವರು ಪರಿಶೀಲಿಸಿ ಕೊಡುವ ಶಿಫಾರಸಿಗೂ ಕಕ್ಷಿಗಳೇ ಕೂಡಿ ಮಾಡಿಕೊಳ್ಳುವ ಒಪ್ಪಂದಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು.

ಸಂಧಾನದ ಮುಖ್ಯ ಉಪಾಯವೆಂದರೆ ಕಕ್ಷಿಗಳು ಹಿಡಿದ ಪಟ್ಟನ್ನು ಬದಿಗಿಟ್ಟು, ಅದರ ಹಿಂದಿರುವ ಅಗತ್ಯವನ್ನು ಹುಡುಕುವುದು. 1967ರಲ್ಲಿ ಇಸ್ರೇಲ್ ಈಜಿಪ್ಟಿನಿಂದ ವಶಪಡಿಸಿಕೊಂಡಿದ್ದ ಸಿನಾಯ್ ಪ್ರದೇಶದ ನಡುವೆ ಎಲ್ಲಿ ಗೆರೆ ಎಳೆದರೂ ಯಾರಾದರೊಬ್ಬರು ಒಪ್ಪುತ್ತಿರಲಿಲ್ಲ. ಆದರೆ ಈಜಿಪ್ಟಿಗೆ ಬೇಕಾಗಿದ್ದುದು ಸಾರ್ವಭೌಮತ್ವ, ಇಸ್ರೇಲಿಗೆ ಬೇಕಾಗಿದ್ದುದು ಭದ್ರತೆ. 1978ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ 13 ದಿನ ನಡೆದ ಮಾತುಕತೆಯಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್, ತಮ್ಮ ತಂಡದ ಒಂದೇ ಕರಡನ್ನು ಈಜಿಪ್ಟಿನ ಅಧ್ಯಕ್ಷ ಸಾದಾತ್ ಮತ್ತು ಇಸ್ರೇಲಿನ ಪ್ರಧಾನಿ ಬೆಗಿನ್ ಅವರಿಗೆ ಬೇರೆಬೇರೆಯಾಗಿ ತೋರಿಸಿ, ಆಕ್ಷೇಪಗಳನ್ನು ಕೇಳಿ, ಮತ್ತೆ ಮತ್ತೆ ತಿದ್ದಿಸಿದರು. ಸಿನಾಯ್ ಈಜಿಪ್ಟಿಗೆ ಮರಳಿತು; ಅಲ್ಲಿ ಆ ದೇಶ ಇರಿಸಬಹುದಾದ ಸೇನೆಗೆ ಮಿತಿ ಬಿತ್ತು. ಮಾತುಕತೆಗೆ ಬಾರದ ಪ್ಯಾಲೆಸ್ಟೀನಿಯರ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಉತ್ತರ ಬರೆಯುವಾಗ ನಾವು ಬಹುತೇಕ ಇದನ್ನು ಬಿಟ್ಟುಬಿಡುತ್ತೇವೆ, ಬಿಡಬಾರದು.

ಜನಾಂಗೀಯ ವಿವಾದದಲ್ಲಿ ಈ ಉಪಾಯವೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನೆಲವನ್ನು ಬಿಟ್ಟುಕೊಡಬಹುದು, ಹುಟ್ಟಿನಿಂದ ಬಂದ ಗುರುತನ್ನು ಬಿಟ್ಟುಕೊಡಲಾಗದು. ಉತ್ತರ ಐರ್ಲೆಂಡಿನ 1998ರ ಗುಡ್ ಫ್ರೈಡೇ ಒಪ್ಪಂದ ಈ ತೊಡಕನ್ನು ನೇರವಾಗಿ ಎದುರಿಸಿತು: ಅಲ್ಲಿನ ಜನರು ತಮ್ಮನ್ನು ಐರಿಷ್, ಬ್ರಿಟಿಷ್ ಅಥವಾ ಎರಡೂ ಎಂದು ಕರೆದುಕೊಳ್ಳಬಹುದು, ಬಹುಮತದ ಒಪ್ಪಿಗೆಯಿಲ್ಲದೆ ಬ್ರಿಟನ್ನಿನ ಭಾಗವಾಗಿರುವ ಆ ಪ್ರದೇಶದ ಸ್ಥಾನ ಬದಲಾಗದು, ಸರ್ಕಾರವನ್ನು ಐರ್ಲೆಂಡ್ ಸೇರಬಯಸುವವರು, ಬ್ರಿಟನ್ನಿನಲ್ಲೇ ಉಳಿಯಬಯಸುವವರು ಎಂಬ ಎರಡೂ ಸಮುದಾಯಗಳು ಹಂಚಿಕೊಂಡು ನಡೆಸಬೇಕು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ಇಲ್ಲಿನವರಿಗೆ ‘ಎರಡೂ’ ಎಂಬ ಆಯ್ಕೆಯ ಬೆಲೆ ಬೇಗ ತಿಳಿಯುತ್ತದೆ. ಒಪ್ಪಂದಕ್ಕೆ ಉತ್ತರ ಐರ್ಲೆಂಡಿನಲ್ಲಿ ಮತ ಹಾಕಿದವರ ಪೈಕಿ ಶೇ. 71ರಷ್ಟು ಜನ ಸಮ್ಮತಿಸಿದರೂ, ಬ್ರಿಟಿಷ್ ಆಡಳಿತದ ವಿರುದ್ಧ ಹೋರಾಡಿದ ಸಶಸ್ತ್ರ ಸಂಘಟನೆ ಐಆರ್‌ಎ ತನ್ನ ಶಸ್ತ್ರಗಳನ್ನು ಪೂರ್ಣವಾಗಿ ತ್ಯಜಿಸಿದ್ದು ದೃಢಪಟ್ಟದ್ದು 2005ರಲ್ಲಿ.

ಕಾಲವೂ ಕೂಡಿಬರಬೇಕು. ಇಬ್ಬರಿಗೂ ಗೆಲುವು ಅಸಾಧ್ಯವೆನಿಸಿ, ಹೋರಾಟದ ನೋವು ತಾಳಲಾಗದ ಹಂತಕ್ಕೆ ಬಂದಾಗಲೇ ಸಂಧಾನ ಫಲಿಸುತ್ತದೆ ಎಂದು ಸಂಘರ್ಷ ಪರಿಹಾರದ ವಿದ್ವಾಂಸ ವಿಲಿಯಂ ಜಾರ್ಟ್‌ಮನ್ ವಾದಿಸುತ್ತಾರೆ. ಶ್ರೀಲಂಕಾದಲ್ಲಿ ಸರ್ಕಾರಕ್ಕೂ, ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಸಂಘಟನೆಗೂ ನಡುವೆ ನಾರ್ವೆಯ ಮಧ್ಯಸ್ಥಿಕೆಯಿಂದ 2002ರಲ್ಲಿ ಕದನವಿರಾಮವಾಯಿತು. ಸೇನೆಯಿಂದಲೇ ಗೆಲ್ಲಬಹುದೆಂಬ ನಂಬಿಕೆ ಸರ್ಕಾರದಲ್ಲಿ ಬಲಿತ ಮೇಲೆ ಮಧ್ಯಸ್ಥರ ಮಾತಿಗೆ ಹಿಡಿತವಿಲ್ಲವಾಗಿ, 2009ರ ಮೇ ತಿಂಗಳಲ್ಲಿ ಎಲ್‌ಟಿಟಿಇ ಸೋಲಿನೊಂದಿಗೆ ಯುದ್ಧ ಮುಗಿಯಿತು. ತಮಿಳರು ಕೇಳಿದ್ದ ಅಧಿಕಾರ ಹಂಚಿಕೆಯ ಪ್ರಶ್ನೆಗೆ ಆ ಗೆಲುವಿನಿಂದ ಉತ್ತರ ಸಿಗಲಿಲ್ಲ.