ಕಾಗದದಲ್ಲಿ ‘ಕೈ’ ಇದ್ದರೆ ಹುಷಾರು

ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ಗೆ ಒಂದು ಫೋಟೊ ಬಂತು. 1992ರ ಮಜ್ದಾ ಆರ್‌ಎಕ್ಸ್-7. ಕೆಂಪು ಬಣ್ಣ, ಹಿಂದೆ ಮಂಚದಷ್ಟು ಅಗಲದ ರೆಕ್ಕೆ. “ಅಣ್ಣಾ, ಇಪ್ಪತ್ತೆಂಟು ಸಾವಿರ ಯೂರೋಗೆ ಸಿಗ್ಬಹುದಂತೆ. ನಾಳೆ ಬೆಳಿಗ್ಗೆ ಹರಾಜು. ಹಿಡಿದುಬಿಡ್ಲಾ?”

ಕೇಳಿದವನು ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುವ ಹಾಸನದ ಹುಡುಗ. ಜಪಾನಿನ ಹಳೇ ಕಾರು ಜರ್ಮನಿಗೆ ತರಿಸುವವರಿಗೆ ಕಾಗದಪತ್ರ, ತಪಾಸಣೆ ನೋಡಿಕೊಡುವುದು ನನ್ನ ಕೆಲಸ. ಕಾರಿನ ಫೋಟೊ ಸಾಕು, ಕಾರಿನ ಸ್ಥಿತಿ ಬರೆದಿರುವ ಹರಾಜಿನ ಶೀಟ್ ಕಳಿಸು ಅಂದೆ.

ಶೀಟ್‌ನಲ್ಲಿ ಮಾಡೆಲ್ ಸಂಕೇತ ಎಫ್‌ಡಿ3ಎಸ್ ಅಂತಿತ್ತು. ಅದರ ಬಾಲಕ್ಕೆ ಒಂದು ಜಪಾನಿ ಅಕ್ಷರ. ಅದನ್ನು ‘ಕೈ’ ಅಂತ ಓದುತ್ತಾರೆ. ಬದಲಾಯಿಸಿದ್ದು ಅಂತ ಅರ್ಥ. ಕಾರಿನ ರಚನೆ ಬದಲಿಸಿ, ಅದನ್ನು ಅಲ್ಲಿನ ಸರ್ಕಾರಿ ದಾಖಲೆಗೆ ಸೇರಿಸಿದಾಗ ಈ ಅಕ್ಷರ ಬೀಳುತ್ತದೆ. ಜಪಾನಿನಲ್ಲಿ ಅದರಿಂದ ಏನೂ ತೊಂದರೆ ಇಲ್ಲ. ಮಾಡಿದ್ದು ಕಾನೂನುಬದ್ಧ ಅನ್ನೋದಕ್ಕೆ ಅದೇ ಗುರುತು. ಆದರೆ ಯುರೋಪಿನ ಬಂದರಿಗೆ ಬಂದಾಗ ಆ ‘ಕೈ’ ನಮಗೆ ಕೈ ಕೊಡುತ್ತದೆ.

ಯಾಕೆ ಅಂತ ಹೇಳುತ್ತೇನೆ. ಹೊರಗಿನಿಂದ ಬರುವ ಕಾರಿಗೆ ಯುರೋಪಿಯನ್ ಒಕ್ಕೂಟದ ಸಾಮಾನ್ಯ ಸುಂಕ ಶೇ. 10. ಅದರ ಮೇಲೆ ಜರ್ಮನಿಯಲ್ಲಿ ಶೇ. 19 ಆಮದು ವ್ಯಾಟ್. ಆದರೆ ಕಸ್ಟಮ್ಸ್ ಪಟ್ಟಿಯಲ್ಲಿ 9705 ಅನ್ನುವ ಶೀರ್ಷಿಕೆ ಇದೆ. ಸಂಗ್ರಹಕ್ಕೆ ಯೋಗ್ಯವಾದ ಐತಿಹಾಸಿಕ ವಸ್ತುಗಳು ಅದರಡಿ ಬರುತ್ತವೆ. ಕಾರಿಗೆ 30 ವರ್ಷ ತುಂಬಿರಬೇಕು, ಆ ಮಾಡೆಲ್ ಈಗ ತಯಾರಾಗುತ್ತಿರಬಾರದು, ಚಾಸಿ, ಎಂಜಿನ್, ಬ್ರೇಕ್, ಸ್ಟೀರಿಂಗ್ ದೊಡ್ಡ ಬದಲಾವಣೆ ಇಲ್ಲದೆ ಮೂಲ ಸ್ಥಿತಿಯಲ್ಲಿರಬೇಕು. ಇಷ್ಟಿದ್ದರೆ ಸುಂಕ ಸೊನ್ನೆ. ವ್ಯಾಟ್ ಜರ್ಮನಿಯಲ್ಲಿ ಶೇ. 7 ಮಾತ್ರ.

ಹುಡುಗನಿಗೆ ಲೆಕ್ಕ ಹಾಕಿ ತೋರಿಸಿದೆ. ಅವನು ಹಿಡಿಯಹೊರಟ ‘ಕೈ’ ಕಾರಿಗೆ ಈ ರಿಯಾಯಿತಿ ಸಿಗುವುದು ಕಷ್ಟ. ಬೆಲೆ 28,000, ಹಡಗಿನ ಬಾಡಿಗೆ, ವಿಮೆ 2,000 ಅಂತಿಟ್ಟುಕೊಳ್ಳಿ. ಸುಂಕ 3,000. 33,000ದ ಮೇಲೆ ವ್ಯಾಟ್ 6,270. ಒಟ್ಟು 39,270 ಯೂರೋ. ಅದೇ ವಾರ ಇನ್ನೊಂದು ಆರ್‌ಎಕ್ಸ್-7 ಹರಾಜಿಗಿತ್ತು. ಬೆಳ್ಳಿ ಬಣ್ಣ, ರೆಕ್ಕೆ ಇಲ್ಲ, ಕಂಪನಿಯ ಚಕ್ರ, ಕಂಪನಿಯ ಸೈಲೆನ್ಸರ್, ನೋಡಿದರೆ ಆಕಳಿಕೆ ಬರಬೇಕು. ಬೆಲೆ 33,000. ಬಾಡಿಗೆ ಸೇರಿಸಿ 35,000, ಶೇ. 7 ವ್ಯಾಟ್ 2,450. ಒಟ್ಟು 37,450. ಹರಾಜಿನಲ್ಲಿ ಐದು ಸಾವಿರ ಜಾಸ್ತಿ ಇದ್ದ ಕಾರು ಮನೆ ಬಾಗಿಲಿಗೆ ಬರುವಾಗ 1,820 ಯೂರೋ ಅಗ್ಗ!

“ಜಪಾನಿನ ಜೊತೆ ಒಪ್ಪಂದ ಇದೆ ಅಲ್ವಾ, ಸುಂಕ ಯಾಕೆ?” ಅಂತ ಕೇಳಿದ. ಯುರೋಪಿಯನ್ ಒಕ್ಕೂಟ, ಜಪಾನ್ ನಡುವೆ 2019ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ ಕಾರಿನ ಸುಂಕ ಹಂತಹಂತವಾಗಿ ತೆಗೆಯುವ ಮಾತಿದೆ, ನಿಜ. ಆದರೆ ಕಾರು ಜಪಾನ್ ಮೂಲದ್ದು ಅನ್ನುವ ಹೇಳಿಕೆ ಒಪ್ಪಂದದ ನಿಯಮದಂತೆ ಬೇಕು. ಮೂವತ್ತು ವರ್ಷ ಹಳೇ ಕಾರನ್ನು ಹರಾಜಿಗೆ ಬಿಟ್ಟವರಿಂದ ಅದನ್ನು ಬರೆಸಿಕೊಳ್ಳುವುದು ಸುಲಭವಿಲ್ಲ. ಸಿಕ್ಕರೂ ಶೇ. 19 ವ್ಯಾಟ್ ತಪ್ಪುವುದಿಲ್ಲ.

ಇನ್ನು ಹರಾಜಿನ ಶೀಟ್ ಓದುವ ಬಗೆ. ಕಾರಿನ ಸ್ಥಿತಿಗೆ ಕೊಟ್ಟ 4, 4.5 ಅನ್ನುವ ಅಂಕ ನೋಡಿ ಎಲ್ಲರೂ ಹಿಗ್ಗುತ್ತಾರೆ. ನಾನು ಮೊದಲು ಆರ್ ಅಕ್ಷರ ಹುಡುಕುತ್ತೇನೆ. ಆರ್ ಅಂದರೆ ಅಪಘಾತವಾಗಿ ರಿಪೇರಿ ಆದದ್ದು. ಕಾರಿನ ಚಿತ್ರದ ಮೇಲೆ ಎ ಇದ್ದರೆ ಗೀರು, ಯು ಇದ್ದರೆ ತಗ್ಗು, ಡಬ್ಲ್ಯು ಇದ್ದರೆ ರಿಪೇರಿ ಮಾಡಿದ ಗುರುತು, ಎಕ್ಸ್ ಎರಡು ಸಲ ಇದ್ದರೆ ಆ ಭಾಗವೇ ಬದಲು. ಎಸ್ ತುಕ್ಕು, ಸಿ ಇನ್ನೂ ಕೆಟ್ಟ ತುಕ್ಕು. ಎಲ್ಲಕ್ಕಿಂತ ಮುಖ್ಯ, ಕೆಳಗೆ ಕೈಬರಹದಲ್ಲಿರುವ ಎರಡು ಸಾಲು. ಒಮ್ಮೆ ನಾನೇ ಅದನ್ನು ಅನುವಾದ ಮಾಡಿಸದೆ 4 ಅಂಕದ ಕಾರಿಗೆ ಹೂಂ ಅಂದುಬಿಟ್ಟೆ. ಹೊಕ್ಕೈಡೊದ ಕಾರು. ಅಲ್ಲಿ ಹಿಮ ಜಾಸ್ತಿ, ರಸ್ತೆಗೆ ಉಪ್ಪು ಎರಚುತ್ತಾರೆ. ತಳ ತುಕ್ಕು ಹಿಡಿದಿದೆ ಅಂತ ಆ ಎರಡು ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಲಿಫ್ಟ್‌ಗೆ ಏರಿಸಿ ಸ್ಕ್ರೂಡ್ರೈವರ್ ಚುಚ್ಚಿದರೆ ಹಪ್ಪಳದ ಹಾಗೆ ಒಳಗೆ ಹೋಯಿತು. ಜಪಾನಿನ ಕಾರಿಗೆ ತುಕ್ಕಿಲ್ಲ ಅನ್ನುವವರಿಗೆ ನಾನು ಊರು ಯಾವುದು ಅಂತ ಕೇಳುತ್ತೇನೆ.

ವರ್ಷವನ್ನೂ ಅಲ್ಲಿನ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲೇ ಬರೆದಿರುತ್ತಾರೆ. ಹೆಯ್ಸೆ 4 ಅಂದರೆ 1992. ಹೆಯ್ಸೆ ಸಂಖ್ಯೆಗೆ 1988 ಕೂಡಿಸಿದರೆ ಆಯಿತು. 30 ವರ್ಷದ ಗಡಿಯಲ್ಲಿರುವ ಕಾರಿಗೆ ತಿಂಗಳೂ ಮುಖ್ಯ. ಎರಡು ತಿಂಗಳು ಮೊದಲೇ ಹಡಗು ಬಂದರೆ ಎಲ್ಲ ಲೆಕ್ಕ ತಲೆಕೆಳಗು.

ಆರ್‌ಎಕ್ಸ್-7 ಕೊಳ್ಳುವವರಿಗೆ ಇನ್ನೊಂದು ತಲೆನೋವಿದೆ. ಅದರಲ್ಲಿ ಪಿಸ್ಟನ್ ಇಲ್ಲ, ತ್ರಿಕೋನದ ರೋಟರ್ ತಿರುಗುತ್ತದೆ. ಮೂರು ಮುಖಕ್ಕೂ ಬೇರೆ ಬೇರೆ ಕಂಪ್ರೆಷನ್ ನೋಡಬೇಕು. ಮಾಮೂಲಿ ಗೇಜ್ ಹಾಕಿದರೆ ಮೂರರಲ್ಲಿ ಜಾಸ್ತಿ ಇರುವುದನ್ನಷ್ಟೇ ತೋರಿಸುತ್ತದೆ, ಸತ್ತ ಮುಖ ಮರೆಯಾಗುತ್ತದೆ. ಹರಾಜಿನ ತಪಾಸಣೆಗಾರ ಇದನ್ನೆಲ್ಲ ನೋಡುವುದಿಲ್ಲ. ರೋಟರಿಗೆಂದೇ ಇರುವ ಟೆಸ್ಟರ್ ಹಾಕಿದ ಫಲಿತಾಂಶ ಇಲ್ಲದ ಕಾರಿಗೆ, ಎಂಜಿನ್ ಬಿಚ್ಚಿಸುವ ಖರ್ಚು ಮೊದಲೇ ಸೇರಿಸಿಕೊಂಡು ಬೆಲೆ ಹೇಳಿ. ಅಷ್ಟೇ.

ಹಡಗಿನ ಬಗ್ಗೆ ಹೇಳುವುದು ಕಡಿಮೆ. ಓಡಿಸಿ ಹತ್ತಿಸುವ ಹಡಗು ಅಗ್ಗ, ಕಂಟೇನರ್ ಭದ್ರ. ಜರ್ಮನಿಯ ಬ್ರೆಮರ್‌ಹಾಫೆನ್ ಬಂದರಿಗೆ ಬಂದಾಗ ಜಪಾನಿನ ರಫ್ತು ಪ್ರಮಾಣಪತ್ರದ ಅಸಲು ಪ್ರತಿ ಕೈಯಲ್ಲಿರಲಿ.

ಕೊನೆಗೆ ನೋಂದಣಿ ತಪಾಸಣೆ. ಜಪಾನಿನಲ್ಲೂ ನಮ್ಮಂತೆ ಎಡಗಡೆ ಓಡಾಟ. ಹಾಗಾಗಿ ಹೆಡ್‌ಲೈಟ್ ಡಿಪ್ ಮಾಡಿದರೆ ಬೆಳಕು ಎಡ ಅಂಚಿಗೆ ಬೀಳುತ್ತದೆ. ಜರ್ಮನಿಯಲ್ಲಿ ಅದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಬದಲಿಸಬೇಕು. ಹಿಂದೆ ಮಂಜಿನ ದೀಪ ಇಲ್ಲದಿದ್ದರೆ ಹಾಕಿಸಬೇಕು. ಬೇರೆ ಕಂಪನಿಯ ಸೈಲೆನ್ಸರ್, ಸಸ್ಪೆನ್ಷನ್ ಇದ್ದರೆ ಒಂದೊಂದಕ್ಕೂ ಇಲ್ಲಿನ ಅನುಮತಿ ಪತ್ರ ಕೇಳುತ್ತಾರೆ. ಜಪಾನಿನ ಟ್ಯೂನಿಂಗ್ ಪಾರ್ಟ್ಸ್‌ಗೆ ಸಾಮಾನ್ಯವಾಗಿ ಅದು ಇರುವುದಿಲ್ಲ. ಬಿಚ್ಚಿ ಕಂಪನಿಯದ್ದು ಹುಡುಕಿ ಹಾಕಬೇಕು. ಅದಕ್ಕೇ ಮಂಚದ ರೆಕ್ಕೆಗೆ ಎರಡು ಸಲ ದುಡ್ಡು ಕೊಡುತ್ತೀರಿ ಅನ್ನುವುದು. ಮೂಲ ಸ್ಥಿತಿಯ ಕಾರಿಗೆ ಹಳೇ ಕಾರುಗಳ ‘ಎಚ್’ ನಂಬರ್ ಪ್ಲೇಟ್ ಸಿಕ್ಕರೆ ವರ್ಷದ ತೆರಿಗೆ ಸುಮಾರು 192 ಯೂರೋ ಮಾತ್ರ.

ಹುಡುಗ ಬೆಳ್ಳಿ ಕಾರನ್ನೇ ತರಿಸಿದ. ಸೈಲೆನ್ಸರ್ ಸದ್ದೇ ಬರಲ್ಲ ಅಂತ ಸ್ವಲ್ಪ ದಿನ ಗೊಣಗಿದ. ಈಗ ತಕರಾರು ಬೇರೆ. ಸ್ಟೀರಿಂಗ್ ಬಲಗಡೆ, ಪಾರ್ಕಿಂಗ್ ಟಿಕೆಟ್ ಮೆಷಿನ್ ಎಡಗಡೆ. ಹೆಂಡತಿ ಜೊತೆಗೆ ಬರದಿದ್ದರೆ ಇಳಿದು ಸುತ್ತು ಹಾಕಿ ಟಿಕೆಟ್ ತೆಗೆಯಬೇಕು, ಹಿಂದಿನವರು ಹಾರ್ನ್ ಹೊಡೀತಾರಂತೆ.