ಮಳೆ ಬಂದ ಮೇಲೆ ಸಾಯೋ ಓಕ್ ಮರಗಳು

ಮರ ನೋಡೋ ಕೆಲಸದಲ್ಲಿರೋ ನನಗೆ ಜನ ಫೋನ್ ಮಾಡಿ ಪದೇಪದೇ ಕೇಳೋ ಪ್ರಶ್ನೆ ಇದು. ಬರ ಇದ್ದಾಗ ಹೆಂಗೋ ತಡ್ಕೊಂಡಿತ್ತು, ಈಗ ಮಳೆ ಚೆನ್ನಾಗೇ ಆಗಿದೆ, ಆದ್ರೂ ನಮ್ಮ ಓಕ್ ಮರ ಯಾಕೆ ಒಣಗ್ತಿದೆ? ಹೋಗಿ ನೋಡಿದ್ರೆ ಬುಡದ ಸುತ್ತ ತೊಗಟೆ ಚಕ್ಕೆ ಚಕ್ಕೆಯಾಗಿ ಉದುರಿ ಬಿದ್ದಿರುತ್ತೆ, ಕಾಂಡದ ಮೇಲೆ ಕಂದು ಪುಡಿ, ಮುಟ್ಟಿದ್ರೆ ಬೆರಳಿಗೆ ಮೆತ್ಕೊಳ್ಳುತ್ತೆ. ಇನ್ನೂ ಸ್ವಲ್ಪ ದಿನ ಕಳೆದಿದ್ರೆ ಪುಡಿ ಹೋಗಿ ಬೂದು-ಬೆಳ್ಳಿ ಬಣ್ಣದ ಗಟ್ಟಿ ಪದರ ಬಂದಿರುತ್ತೆ, ಅದರ ತುಂಬಾ ಸಣ್ಣ ಸಣ್ಣ ಕಪ್ಪು ಚುಕ್ಕೆ. ಅದನ್ನ ಕಂಡ್ರೆ ಸಂಕಟ ಆಗುತ್ತೆ ನನಗೆ, ಯಾಕಂದ್ರೆ ಮುಂದೆ ಅವರಿಗೆ ಏನು ಹೇಳ್ಬೇಕು ಅನ್ನೋದು ಆಗಲೇ ಗೊತ್ತಾಗಿರುತ್ತೆ.

ಇದಕ್ಕೆ ಹೈಪಾಕ್ಸಿಲಾನ್ ಕ್ಯಾಂಕರ್ ಅಂತಾರೆ. ಈ ರೋಗ ತರೋ ಫಂಗಸ್‌ನ ಈಗಿನ ಹೆಸರು ಬಿಸ್ಕಾಗ್ನಿಯಾಕ್ಸಿಯಾ ಆಟ್ರೊಪಂಕ್ಟಾಟಾ, ಹಳಬರು ಇವತ್ತಿಗೂ ಹೈಪಾಕ್ಸಿಲಾನ್ ಅಂತಲೇ ಕರೀತಾರೆ. ಎಲ್ಲರೂ ಇದು ಎಲ್ಲಿಂದಲೋ ಗಾಳೀಲಿ ಬಂದು ಮರಕ್ಕೆ ಅಂಟಿತು, ಪಕ್ಕದ ಮರಕ್ಕೂ ಈಗ ಹಬ್ಬುತ್ತೆ ಅಂತ ಹೆದರ್ತಾರೆ. ಗಾಳೀಲಿ ಹರಡೋದು ನಿಜ, ಆದ್ರೆ ಹೆದರೋ ವಿಷಯ ಅದಲ್ಲ. ಚೆನ್ನಾಗಿರೋ ಓಕ್ ಮರದ ಒಳಗೂ ಈ ಫಂಗಸ್ ವರ್ಷಾನುಗಟ್ಟಲೆ ಸುಮ್ಮನೆ ಕೂತಿರುತ್ತೆ, ಮರದಲ್ಲಿ ನೀರಿನಂಶ ಸರಿಯಾಗಿದ್ರೆ ಅದಕ್ಕೆ ತಲೆ ಎತ್ತೋಕೆ ಆಗಲ್ಲ. ಒಳಗಿನ ಹಸಿ ಒಣಗ್ತಾ ಬಂದ ಹಾಗೆ ಅದು ಎದ್ದೇಳುತ್ತೆ, ತೊಗಟೆ ಕೆಳಗಿರೋ ನೀರು ಸಾಗಿಸೋ ಪದರನ್ನ ತಿಂತಾ ಹೋಗುತ್ತೆ.

ಬರದಲ್ಲಿ ಮರದ ಒಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮಿಕ್ಕಿದ್ದು ಅರ್ಥ ಆಗಲ್ಲ. ನೀರು ಹೀರೋ ಸಣ್ಣ ಬೇರುಗಳು ಮೇಲಿನ 30-45 ಸೆಂಟಿಮೀಟರ್ ಮಣ್ಣಲ್ಲೇ ಜಾಸ್ತಿ ಇರೋದು, ಮಣ್ಣು ಒಣಗಿದ್ರೆ ಮೊದಲು ಹೋಗೋದೇ ಅವು. ನೀರು ಉಳಿಸೋಕೆ ಮರ ಎಲೆಗಳಲ್ಲಿರೋ ರಂಧ್ರ ಮುಚ್ಕೊಳ್ಳುತ್ತೆ, ಮುಚ್ಚಿದ್ರೆ ಆಹಾರ ತಯಾರಿಕೆ ಇಳಿಯುತ್ತೆ, ಆಹಾರ ಇಲ್ಲಾಂದ್ರೆ ಗಾಯ ಮುಚ್ಚೋಕೆ, ಫಂಗಸ್‌ನ ತಡೆಯೋಕೆ ಬೇಕಾದ ರಾಸಾಯನಿಕ ಮಾಡೋ ಶಕ್ತಿ ಎಲ್ಲಿಂದ ಬರ್ಬೇಕು? ಇದರ ಜೊತೆಗೆ ನೀರಿನ ಕೊಳವೆಗಳಲ್ಲಿ ಗಾಳಿಗುಳ್ಳೆ ತುಂಬ್ಕೊಂಡು ಹಾದಿಯೇ ಕಟ್ಟಿಹೋಗುತ್ತೆ. ಮಳೆ ಬಂದ ತಕ್ಷಣ ಇದೆಲ್ಲ ಸರಿಹೋಗಲ್ಲ, ಹೋದ ಬೇರು ಮತ್ತೆ ಬೆಳೀಬೇಕು, ಕೂಡಿಟ್ಟ ಆಹಾರ ಮತ್ತೆ ತುಂಬ್ಬೇಕು, ಅದಕ್ಕೆ ವರ್ಷಗಳೇ ಬೇಕು, ಅಷ್ಟರೊಳಗೆ ಫಂಗಸ್ ಮುಂದೆ ಹೋಗಿರುತ್ತೆ. ಅದಕ್ಕೇ ಬರ ಮುಗಿದು ಒಂದೆರಡು ವರ್ಷಕ್ಕೆ, ಕೆಲವು ಸಲ ಇನ್ನೂ ತಡವಾಗಿ ಮರ ಸಾಯೋದು. 2011ರ ಟೆಕ್ಸಾಸ್ ಬರದಲ್ಲಿ ಕಾಡಿನ ಮರಗಳೇ ಸುಮಾರು 30 ಕೋಟಿ ಸತ್ತವು ಅಂತ ಅಲ್ಲಿನ ಅರಣ್ಯ ಸಂಸ್ಥೆ ಅಂದಾಜು ಮಾಡಿತ್ತು, ಊರುಗಳ ಒಳಗಿನ 56 ಲಕ್ಷ ಮರ ಬೇರೆ.

ಹೊರಗೆ ಆ ಪದರ ಕಂಡ ಮೇಲೆ ಔಷಧಿ ಹೊಡೆಯೋದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇದನ್ನ ವಾಸಿ ಮಾಡೋ ಫಂಗಿಸೈಡ್ ಇಲ್ಲ, ಯಾರಾದ್ರೂ ಇದೆ ಅಂತ ದುಡ್ಡು ಕೇಳಿದ್ರೆ ಕೊಡ್ಬೇಡಿ ದಯವಿಟ್ಟು. ಒಂದು ರೆಂಬೆಯಲ್ಲಿ ಮಾತ್ರ ಇದ್ರೆ ಅದನ್ನ ಕೆಳಗೆ ಆರೋಗ್ಯವಾಗಿರೋ ಜಾಗದವರೆಗೆ ಕಡಿದು ನೋಡಬಹುದು. ಮುಖ್ಯ ಕಾಂಡದಲ್ಲೇ ಇದ್ರೆ ಮರ ಇಳಿಸ್ಬೇಕು, ಬೇಗನೇ ಇಳಿಸ್ಬೇಕು, ಯಾಕಂದ್ರೆ ಈ ಫಂಗಸ್ ಮರನ ಬಹಳ ಬೇಗ ಕೊಳೆಸಿ ಬಲ ತೆಗೆದುಬಿಡುತ್ತೆ, ಗಾಳಿ ಇಲ್ಲದ ದಿನವೂ ರೆಂಬೆ ಮುರಿದು ಬೀಳಬಹುದು. ತಡ ಆದಷ್ಟೂ ಮರ ಹತ್ತಿ ಕಡಿಯೋವ್ರ ಜೀವಕ್ಕೆ ಅಪಾಯ.

ಓಕ್ ವಿಲ್ಟ್ ಅಂತ ಇನ್ನೊಂದು ಫಂಗಸ್ ರೋಗ ಇದೆ, ಅದು ಇದಲ್ಲ, ಬೇರೆ. ಅಮೆರಿಕದಲ್ಲಿ ಇವೆರಡನ್ನೂ ಕಲಸಿಬಿಡ್ತಾರೆ. ಓಕ್ ವಿಲ್ಟ್‌ಗೆ ಬರ ಬೇಕಾಗಿಲ್ಲ, ಗಟ್ಟಿಮುಟ್ಟಾದ ಮರಾನೂ ಕೊಲ್ಲುತ್ತೆ, ಒಂದಕ್ಕೊಂದು ಕೂಡಿಕೊಂಡ ಬೇರುಗಳ ಮೂಲಕ, ರಸ ಕುಡಿಯೋ ಸಣ್ಣ ಜೀರುಂಡೆಗಳ ಮೂಲಕ ಹರಡುತ್ತೆ, ಕೆಂಪು ಓಕ್ ಆದ್ರೆ ವಾರಗಳಲ್ಲೇ ಮುಗೀತು. ಅನುಮಾನ ಇದ್ರೆ ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿ, ಕಣ್ಣಲ್ಲಿ ನೋಡಿ ತೀರ್ಮಾನ ಮಾಡ್ಬೇಡಿ.

ಉಳಿದಿರೋ ಮರಗಳ ವಿಷಯಕ್ಕೆ ಬರ್ತೀನಿ, ನನಗೆ ಅವೇ ಮುಖ್ಯ. ನೀರು ಕಾಂಡದ ಬುಡಕ್ಕೆ ಹಾಕ್ಬೇಡಿ, ರೆಂಬೆಗಳ ನೆರಳು ಮುಗಿಯೋ ಅಂಚಲ್ಲಿ ಮತ್ತೆ ಅದರಾಚೆ ಹಾಕಿ, ಬೇರು ನೆರಳಿಗಿಂತ ತುಂಬಾ ದೂರ ಹೋಗಿರುತ್ತೆ. ದಿನಾ ಸ್ವಲ್ಪ ಸ್ವಲ್ಪ ಬೇಡ, ನಿಧಾನವಾಗಿ ಒಂದಡಿ ಆಳ ನೆನೆಯೋ ಹಾಗೆ ಕೊಟ್ಟು ಮಣ್ಣು ಆರೋಕೆ ಬಿಡಿ. ಕ್ಯಾಲಿಫೋರ್ನಿಯಾದ ಓಕ್‌ಗಳಂಥ ಒಣ ಬೇಸಿಗೆಗೆ ಹೊಂದ್ಕೊಂಡಿರೋ ಜಾತಿಗಳಿಗೆ ಬಿಸಿಲುಗಾಲದಲ್ಲಿ ಬುಡ ಒದ್ದೆ ಮಾಡಿದ್ರೆ ಆರ್ಮಿಲೇರಿಯಾ, ಫೈಟಾಫ್ತೊರಾ ಅನ್ನೋ ರೋಗಾಣುಗಳು ಬಂದು ಬೇರು ಕೊಳೆಯುತ್ತೆ, ಅವಕ್ಕೆ ಮಳೆಗಾಲದಲ್ಲಿ, ಅಂದ್ರೆ ಅಲ್ಲಿನ ಚಳಿಗಾಲದಲ್ಲಿ, ಮಳೆ ಕೈಕೊಟ್ಟಾಗ ನೀರು ಕೊಡಿ. ಮರದ ಚೂರುಗಳನ್ನ ಮೂರ್ನಾಲ್ಕು ಇಂಚು ದಪ್ಪ ಹರಡಿ, ಕಾಂಡಕ್ಕೆ ತಾಗಿಸ್ಬೇಡಿ. ಬರದಲ್ಲಿ ಸಾರಜನಕ ಗೊಬ್ಬರ ಹಾಕೋದು ತಪ್ಪು, ಹೊಸ ಚಿಗುರು ಬಂದು ನೀರಿನ ಬೇಡಿಕೆ ಇನ್ನೂ ಏರುತ್ತೆ. ಹಸಿರು ರೆಂಬೆ ಕಡಿಯೋದು, ಬೇರಿನ ಮೇಲೆ ಗಾಡಿ ನಿಲ್ಸೋದು, ಪೈಪಿಗೆ ಅಂತ ಅಗೆಯೋದು ಎಲ್ಲ ನಿಲ್ಲಿಸಿ.

ಮಳೆ ಶುರುವಾಯ್ತು ಅಂತ ಪೈಪ್ ಸುತ್ತಿಡ್ಬೇಡಿ. ಮುಂದಿನ ಎರಡು ವರ್ಷನಾದ್ರೂ ಮಳೆ ನಡುವೆ ಗ್ಯಾಪ್ ಬಂದಾಗೆಲ್ಲ ಒಂದು ಕಂಬಿ ತಗೊಂಡು ಮಣ್ಣಿಗೆ ಚುಚ್ಚಿ ನೋಡಿ, ಒಂದಡಿ ಸಲೀಸಾಗಿ ಇಳಿದಿಲ್ಲ ಅಂದ್ರೆ ನೀರು ಬಿಡಿ.