ಜೀನ್ಸ್ ಘಟಕದ ಕೆಲಸದ ನಕ್ಷೆ: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಘಟಕ ಇದೆ. ಕಟಿಂಗ್ ನಮ್ಮಲ್ಲೇ. ಹೊಲಿಗೆ ಅರ್ಧ ಇಲ್ಲಿ, ಅರ್ಧ ಮನೆಗಳಲ್ಲಿ. ವಾಷಿಂಗ್ ಹೊರಗಡೆ. ಆರ್ಡರ್ ಪ್ರತಿ ಸಲ ತಡವಾಗುತ್ತದೆ. ಕೆಲಸದ ನಕ್ಷೆ ಬರೆಯಿರಿ ಅಂತ ಒಬ್ಬರು ಹೇಳಿದರು. ಹೇಗೆ ಬರೆಯೋದು? ಸಾಫ್ಟ್‌ವೇರ್ ಬೇಕಾ?

ಉತ್ತರ: ಬೇಡ. ಕೆಲಸದ ನಕ್ಷೆ ಅಂದರೆ ಮಾಲು ಮೊದಲಿನಿಂದ ಕೊನೆಯವರೆಗೆ ಯಾರ ಕೈಯಲ್ಲಿ, ಯಾವ ಹಂತ ದಾಟಿ ಹೋಗುತ್ತದೆ ಅನ್ನೋದರ ಚಿತ್ರ, ಅಷ್ಟೇ. ಮೊದಲ ಸಲಕ್ಕೆ ಒಂದು ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಜೊತೆಗೆ ಕೈಯಲ್ಲಿ ಗಡಿಯಾರ ಇರಲಿ.

ಈಗ ಕೆಲಸ ಹೇಗೆ ನಡೆಯುತ್ತಿದೆಯೋ ಹಾಗೇ ಬರೆಯಿರಿ. ಹೇಗೆ ನಡೆಯಬೇಕಿತ್ತು ಅನ್ನೋದನ್ನು ಆಮೇಲೆ ನೋಡೋಣ. ಆಫೀಸಿನಲ್ಲಿ ಕೂತು ನೆನಪಿನಿಂದ ಬರೆದರೆ ಮಾಲೀಕರ ತಲೆಯಲ್ಲಿರುವ ಘಟಕವೇ ಹಾಳೆಗೆ ಬರುತ್ತದೆ. ಆ ಘಟಕದಲ್ಲಿ ಮಾಲು ಎಲ್ಲೂ ಕಾಯುವುದೇ ಇಲ್ಲ!

ಹಾಗಾಗಿ ನಾಳೆ ಬೆಳಿಗ್ಗೆ ಕಟಿಂಗ್ ಟೇಬಲ್ಲಿನಿಂದ ಒಂದು ಬಂಡಲ್ ಆರಿಸಿಕೊಳ್ಳಿ. 32ರ ಸೈಜು, 20 ಪೀಸು ಅಂದುಕೊಳ್ಳಿ. ಪ್ಯಾಕಿಂಗ್ ಆಗುವವರೆಗೂ ಅದರ ಹಿಂದೆಯೇ ಹೋಗಿ. ಯಾರು ಮುಟ್ಟಿದರು, ಏನು ಮಾಡಿದರು, ಎಷ್ಟು ಹೊತ್ತಿಗೆ ಕೆಳಗಿಟ್ಟರು, ಮತ್ತೆ ಯಾವಾಗ ಎತ್ತಿಕೊಂಡರು, ಎಲ್ಲ ಬರೆದುಕೊಳ್ಳಿ. ಕಟ್ ಮಾಡಿದ ತುಂಡುಗಳಿಗೆ ನಂಬರ್ ಚೀಟಿ ಅಂಟಿಸುತ್ತಾರಲ್ಲ, ಅದೂ ಒಂದು ಹಂತವೇ. ಬಟ್ಟೆಯ ಒಂದು ತಾನಿಗೂ (ಸುರುಳಿಗೂ) ಇನ್ನೊಂದು ತಾನಿಗೂ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ನಂಬರ್ ತಪ್ಪಿದರೆ ಒಂದೇ ಪ್ಯಾಂಟಿನ ಎಡಗಾಲು ಒಂದು ಬಣ್ಣ, ಬಲಗಾಲು ಇನ್ನೊಂದು. ತಪ್ಪಾಗುವುದು ಟೇಬಲ್ಲಿನ ಮೇಲೆ, ಗೊತ್ತಾಗುವುದು ವಾಷಿಂಗ್ ಆಗಿ ಬಂದ ಮೇಲೆ.

ಹಂತಗಳನ್ನು ಹಾಳೆಯಲ್ಲಿ ತೋರಿಸೋಕೆ ಗುರುತುಗಳನ್ನು ಹೊಸದಾಗಿ ಹುಡುಕಬೇಕಿಲ್ಲ. ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ಎಂಬ ಗಂಡ ಹೆಂಡತಿ 1921ರಲ್ಲೇ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಮುಂದೆ ಇಂಥ ನಕ್ಷೆಯನ್ನು ಇಟ್ಟಿದ್ದರು. ಆಮೇಲೆ ಐದು ಗುರುತುಗಳು ಬಳಕೆಯಲ್ಲಿ ಉಳಿದವು. ಕೆಲಸಕ್ಕೆ ಸುತ್ತು, ಸಾಗಣೆಗೆ ಬಾಣ, ತಪಾಸಣೆಗೆ ಚೌಕ, ದಾಸ್ತಾನಿಗೆ ತ್ರಿಕೋನ, ಕಾಯುವುದಕ್ಕೆ ಇಂಗ್ಲಿಷಿನ ಡಿ ಅಕ್ಷರ. ನಿಮಗೆ ಜಾಸ್ತಿ ಬೇಕಾಗುವುದು ಈ ಡಿ.

ಹಾಳೆಯಲ್ಲಿ ಅಡ್ಡ ಗೆರೆ ಎಳೆದು ಪಟ್ಟಿಗಳನ್ನು ಮಾಡಿ. ಕಟಿಂಗ್ ಮಾಸ್ಟರಿಗೆ ಒಂದು, ಒಳಗಿನ ಟೇಲರುಗಳಿಗೆ ಒಂದು, ಮನೆಯಲ್ಲಿ ಹೊಲಿಯುವವರಿಗೆ ಒಂದು, ವಾಷಿಂಗಿಗೆ ಒಂದು, ಇಸ್ತ್ರಿ ಪ್ಯಾಕಿಂಗಿಗೆ ಒಂದು. ಯಾರ ಕೆಲಸವೋ ಅವರ ಪಟ್ಟಿಯಲ್ಲಿ ಗುರುತು ಹಾಕಿ. ಮಾಲು ಒಬ್ಬರ ಪಟ್ಟಿಯಿಂದ ಇನ್ನೊಬ್ಬರ ಪಟ್ಟಿಗೆ ದಾಟುವ ಕಡೆಯೆಲ್ಲ ಕೆಂಪು ಚುಕ್ಕಿ ಇಡಿ.

ತಡವೆಲ್ಲ ಬಹುಪಾಲು ಆ ಚುಕ್ಕಿಗಳಲ್ಲೇ ಸಿಗುತ್ತದೆ ಅನ್ನೋದು ನನ್ನ ಅನುಭವ. ಹೀಗೇ ಒಂದು ಬಂಡಲ್ ಹಿಂದೆ ಹೋಗಿದ್ದಾಗ, ವಾಷಿಂಗ್ ಮುಗಿದ ಮಾಲು ಎರಡು ದಿನ ಚೀಲದಲ್ಲೇ ಬಿದ್ದಿದ್ದನ್ನು ಕಂಡೆ. ಘಟಕದವರು ಫೋನ್ ಮಾಡ್ತಾರೆ ಅಂತ ವಾಷಿಂಗಿನವರು, ವಾಷಿಂಗಿನವರು ಫೋನ್ ಮಾಡ್ತಾರೆ ಅಂತ ಘಟಕದವರು. ಪಾಪ, ಟೇಲರುಗಳನ್ನು ಸುಮ್ನೆ ಬೈದಿದ್ದರು. ಫೋನ್ ಮಾಡುವುದು ಯಾರ ಕೆಲಸ ಅಂತ ಯಾರೂ ಯಾರಿಗೂ ಹೇಳಿರಲೇ ಇಲ್ಲ.

ನಕ್ಷೆ ಬರೆದಾದ ಮೇಲೆ ಕೆಲಸ ಮಾಡುವವರಿಗೇ ತೋರಿಸಿ. "ಅಣ್ಣಾ, ಇಲ್ಲಿ ನಾವು ದಾರಕ್ಕೂ ಕಾಯ್ತೀವಿ, ಅದು ಬಿಟ್ಟೋಗಿದೆ" ಅಂತ ಯಾರಾದರೂ ಹೇಳಿದರೆ ಅಲ್ಲೇ ಸೇರಿಸಿ. ನಂತರ ಎಲ್ಲಕ್ಕಿಂತ ಉದ್ದ ಕಾಯುವ ಒಂದೇ ಒಂದು ಜಾಗ ಸರಿಮಾಡಿ. ಮುಂದಿನ ಆರ್ಡರಿನಲ್ಲಿ ಇನ್ನೊಂದು ಬಂಡಲ್ ಹಿಂದೆ ನಡೆದು ಗಂಟೆಗಳನ್ನು ಹೋಲಿಸಿ ನೋಡಿ.